ತೆರೆದ ಮನೆಗೆ ಕೂಲಿಯ ಕಾವಲು

ಭಯವನ್ನು ಮಾರುವವನಿಗೆ ಗಿರಾಕಿಗಳ ಕೊರತೆ ಯಾವ ಕಾಲದಲ್ಲಿಯೂ ಇದ್ದುದಿಲ್ಲ. ದೃಷ್ಟಿ ತಾಕೀತೆಂದು ತಾಯಿತ, ಕಳ್ಳರು ಬಂದಾರೆಂದು ಬೀಗ, ಮುಪ್ಪಿನಲ್ಲಿ ಕೈ ಬರಿದಾದೀತೆಂದು ವಿಮೆ, ಹೀಗೆ ಮನುಷ್ಯನು ತನ್ನ ಸಂಪಾದನೆಯ ಒಂದು ಪಾಲನ್ನು ಇನ್ನೂ ಬಾರದ ಕೇಡಿಗಾಗಿ ಮುಂಗಡ ಸಲ್ಲಿಸುತ್ತಲೇ ಬಂದಿದ್ದಾನೆ. ಇವುಗಳಲ್ಲಿ ಬೀಗವು ಬೇಕಾದುದು, ತಾಯಿತವು ಬೇಡವಾದುದು ಎಂದು ಹೇಳಿಬಿಡುವುದು ಸುಲಭ. ಆದರೆ ಕಣ್ಣಿಗೆ ಕಾಣದ ಶತ್ರುವಿಗೆ ಪ್ರತಿಯಾಗಿ ಕಣ್ಣಿಗೆ ಕಾಣದ ರಕ್ಷೆಯೊಂದನ್ನು ಯಾರಾದರೂ ತಂದು ಮುಂದಿಟ್ಟರೆ, ಅದು ಬೀಗವೋ ತಾಯಿತವೋ ಎಂದು ತಿಳಿಯುವ ಬಗೆ ಹೇಗೆ? ನಿವೃತ್ತ ಗಣಿತೋಪಾಧ್ಯಾಯರೊಬ್ಬರಿಗೆ ಒಂದು ದೀಪಾವಳಿಯಲ್ಲಿ ಎದುರಾದ ಪ್ರಶ್ನೆ ಇದು.

ಊರಿನಲ್ಲಿ ಎಲ್ಲರೂ ಅವರನ್ನು ಮೇಷ್ಟರೆಂದೇ ಕರೆಯುವರು. ಪಾಠ ಹೇಳುವ ಕೆಲಸ ಮುಗಿದ ಮೇಲೆ ಅವರು ಹಿಡಿದ ಕೆಲಸ ಮಾತುಗಳನ್ನು ಕೂಡಿಡುವುದು. ಹೊಲಗದ್ದೆಗಳಲ್ಲಿ, ಕಣಗಳಲ್ಲಿ, ಮಗ್ಗದ ಮನೆಗಳಲ್ಲಿ, ಕುಂಬಾರರ ಆವಿಗೆಗಳ ಬಳಿ ಕುಳಿತು, ನಿಘಂಟುಗಳಲ್ಲಿ ಸರಿಯಾಗಿ ಸೇರದೆ ಉಳಿದ ನುಡಿಗಳನ್ನು ಕೇಳಿ ಬರೆದುಕೊಂಡು ಬರುವರು. ಯಾರು ಹೇಳಿದರು, ಯಾವ ಊರು, ಯಾವ ಸಂದರ್ಭದಲ್ಲಿ ಆ ಮಾತು ಬಂದಿತು ಎಂಬುದೆಲ್ಲವೂ ಜೊತೆಗೆ ಇರುವುದು. ಇಪ್ಪತ್ತು ವರ್ಷಗಳಿಗೂ ಮಿಕ್ಕ ಈ ಸಂಗ್ರಹವೆಲ್ಲ ನಡುಮನೆಯ ಮೂಲೆಯಲ್ಲಿರುವ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಹೇಳಿದವರಲ್ಲಿ ಅನೇಕರು ಈಗಿಲ್ಲ. ಆದಕಾರಣ ಆ ಯಂತ್ರದಲ್ಲಿರುವುದು ಕಳೆದುಹೋದರೆ ಮತ್ತೆ ಹೋಗಿ ಕೇಳಿ ಬರೆದುಕೊಳ್ಳುವಂತಿಲ್ಲ.

ಆ ಯಂತ್ರದಲ್ಲಿ ಮೊದಲು ಬೇರೊಂದು ವ್ಯವಸ್ಥೆಯಿತ್ತು. ಒಂದು ದಿನ ಯಾರದೋ ಪೆನ್‌ಡ್ರೈವಿನೊಡನೆ ಬಂದ ವೈರಸ್ಸು ನೂರಾರು ಪುಟಗಳನ್ನು ಓದಲಾರದಂತೆ ಕೆಡಿಸಿತು. ಆಗ ಅದರಲ್ಲಿ ಹಣ ಕೊಟ್ಟು ತಂದ ಆಂಟಿವೈರಸ್ಸೂ ಇದ್ದಿತು. ಅದರ ಚಂದಾ ಮುಗಿಯುವುದಕ್ಕೆ ಇನ್ನೂ ಮೂರು ತಿಂಗಳು ಉಳಿದಿದ್ದಿತು. ಅಂದಿನಿಂದ ಮೇಷ್ಟರು ಲಿನಕ್ಸನ್ನು ಹಿಡಿದರು. 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ನರು ಘೋಷಿಸಿದ ಗ್ನು ಯೋಜನೆಯ ಸಲಕರಣೆಗಳೂ, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನುಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ತಿರುಳೂ ಸೇರಿ ಆದ ವ್ಯವಸ್ಥೆ ಅದು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಹಂಚಬಹುದು. ಲೆಕ್ಕದ ಉತ್ತರವನ್ನು ಮಾತ್ರ ತೋರಿಸದೆ ಮಾಡಿದ ಬಗೆಯನ್ನೂ ತೋರಿಸುವ ಈ ಪದ್ಧತಿ ಗಣಿತದ ಮೇಷ್ಟರಿಗೆ ಹಿಡಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂದಿನಿಂದ ಅವರು ಸ್ನೇಹಿತರ ಮುಂದೆಯೂ, ಸಂಘದ ಸಭೆಗಳಲ್ಲಿಯೂ, “ಲಿನಕ್ಸಿಗೆ ವೈರಸ್ ಬರುವುದಿಲ್ಲ” ಎಂದು ಹೇಳುತ್ತ ಬಂದರು. ಕೆಲವು ವರ್ಷ ಹೇಳಿದ ಮೇಲೆ ಅದು ಅವರಿಗೆ ಸಿದ್ಧಾಂತವೇ ಆಗಿಹೋಯಿತು.

ಹೀಗಿರುವಲ್ಲಿ ಅವರ ತಮ್ಮನ ಮಗನು ಬೆಂಗಳೂರಿನಿಂದ ಹಬ್ಬಕ್ಕೆ ಬಂದನು. ಅವನು ಕಂಪ್ಯೂಟರುಗಳ ರಕ್ಷಣೆಯನ್ನೇ ವೃತ್ತಿಯಾಗಿ ಹಿಡಿದ ಇಂಜಿನಿಯರು. ಎಣ್ಣೆಸ್ನಾನ, ಊಟಗಳು ಮುಗಿದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕುಳಿತು, “ದೊಡ್ಡಪ್ಪ, ಲಿನಕ್ಸಿಗೂ ಈಗ ಆಂಟಿವೈರಸ್ ಸಿಗುತ್ತದೆ. ನಿಮ್ಮ ಸಂಗ್ರಹ ದೊಡ್ಡದು. ಒಂದು ವರ್ಷದ ಚಂದಾ ನಾನೇ ಕಟ್ಟಿದ್ದೇನೆ, ಹಬ್ಬದ ಉಡುಗೊರೆ ಎಂದುಕೊಳ್ಳಿ. ಹಾಕಿಬಿಡಲೇ?” ಎಂದನು.

“ನಿಧಾನ ಮಾಡಪ್ಪ,” ಎಂದರು ಮೇಷ್ಟರು. “ಬರುವವನು ಯಾರು, ಮನೆಯಲ್ಲಿ ಎಲ್ಲೆಲ್ಲಿ ಓಡಾಡುತ್ತಾನೆ, ಏನು ಕೆಲಸ ಮಾಡುತ್ತಾನೆ, ಅದನ್ನು ಮೊದಲು ಹೇಳು.”

ಆ ಮಧ್ಯಾಹ್ನ ದೊಡ್ಡಪ್ಪನಿಗೂ ಮಗನಿಗೂ ನಡೆದ ವಾದವು ಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಇದ್ದಿತು. ಆದರೆ ಇಬ್ಬರಲ್ಲಿಯೂ ಮುನಿಸಿರಲಿಲ್ಲ.

ಮೇಷ್ಟರ ಮೊದಲನೆಯ ಸಂದೇಹ ಮಾರುವವನ ಉದ್ದೇಶವನ್ನು ಕುರಿತದ್ದು. ಲಿನಕ್ಸಿಗೆ ವೈರಸ್ಸು ಬರೆದವರು ಇಲ್ಲದಿಲ್ಲ. 1996ರಲ್ಲಿ ಸ್ಟಾವೋಗ್ ಎಂಬುದೂ, 1997ರಲ್ಲಿ ಬ್ಲಿಸ್ ಎಂಬುದೂ ಕಾಣಿಸಿಕೊಂಡವು. ಬ್ಲಿಸ್ಸಿನ ಸುದ್ದಿಯನ್ನು ಜಗತ್ತಿಗೆಲ್ಲ ಸಾರಿದುದು ಅಮೆರಿಕೆಯ ಒಂದು ಹೆಸರಾಂತ ಆಂಟಿವೈರಸ್ ಕಂಪೆನಿ. ಆದರೆ ಆ ವೈರಸ್ಸು ತಾನು ಸೋಂಕಿಸಿದ ಕಡತಗಳ ಪಟ್ಟಿಯನ್ನು ತಾನೇ ಬರೆದಿಡುತ್ತಿತ್ತು. ‘ದಯವಿಟ್ಟು ಬಿಟ್ಟುಹೋಗು’ ಎಂಬರ್ಥದ ಆಜ್ಞೆಯನ್ನು ಕೊಟ್ಟರೆ ಬಿಟ್ಟೂ ಹೋಗುತ್ತಿತ್ತು! ಇವೆರಡೂ ಹೆಚ್ಚಾಗಿ ಹರಡಲಿಲ್ಲ. 2020ರ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪೆನಿಯೇ ಲಿನಕ್ಸ್ ಸರ್ವರುಗಳಿಗಾಗಿ ತನ್ನ ಡಿಫೆಂಡರ್ ಎಂಬ ರಕ್ಷಕವನ್ನು ಮಾರಾಟಕ್ಕೆ ತಂದಿತು. 2001ರಲ್ಲಿ ಇದೇ ಕಂಪೆನಿಯ ಮುಖ್ಯಾಧಿಕಾರಿಗಳಾಗಿದ್ದ ಸ್ಟೀವ್ ಬಾಲ್ಮರ್ ಅವರು ಲಿನಕ್ಸನ್ನು ಅರ್ಬುದರೋಗಕ್ಕೆ ಹೋಲಿಸಿದ್ದರು. ಅದು ಅದರ ಅನುಮತಿಪತ್ರದ ಕರಾರುಗಳನ್ನು ಕುರಿತು ಆಡಿದ ಮಾತೆಂಬುದು ನಿಜ. “ಆದರೂ ರೋಗವೆಂದವರೇ ಇಪ್ಪತ್ತು ವರ್ಷದೊಳಗೆ ರೋಗಕ್ಕೆ ಮದ್ದು ತಂದು ಮಾರುವುದಾದರೆ, ಕೊಳ್ಳುವವನು ಎರಡು ಸಲ ಯೋಚಿಸಬೇಡವೇ?” ಎಂದರು ಮೇಷ್ಟರು.

ಎರಡನೆಯ ವಾದ ಮನೆಯ ಕಟ್ಟಡವನ್ನು ಕುರಿತದ್ದು. ಲಿನಕ್ಸಿನಲ್ಲಿ ದಿನನಿತ್ಯದ ಕೆಲಸ ಮಾಡುವವನಿಗೆ ವ್ಯವಸ್ಥೆಯ ಮೂಲಭಾಗಗಳನ್ನು ಮುಟ್ಟುವ ಅಧಿಕಾರವಿಲ್ಲ. ಆ ಅಧಿಕಾರವುಳ್ಳವನಿಗೆ ‘ರೂಟ್’ ಎಂದು ಹೆಸರು. ಅವನ ಪಾಸ್‌ವರ್ಡ್ ಬೇರೆ, ಅಥವಾ ಕೇಳಿ ಒಪ್ಪಿಗೆ ಪಡೆದು ಆ ಅಧಿಕಾರವನ್ನು ಸ್ವಲ್ಪ ಹೊತ್ತಿಗೆ ಎರವಲು ತೆಗೆದುಕೊಳ್ಳಬೇಕು. ಹೊರಗಿನಿಂದ ಬಂದಿಳಿದ ಕಡತವು ಸಾಮಾನ್ಯವಾಗಿ ತಾನಾಗಿ ಓಡತೊಡಗುವುದಿಲ್ಲ. ಓಡಬಹುದೆಂದು ಯಜಮಾನನು ಗುರುತು ಹಾಕಬೇಕು. ಬೇಕಾದ ತಂತ್ರಾಂಶಗಳನ್ನು ಬೀದಿಬೀದಿ ಅಲೆದು ತರಬೇಕಾಗಿಲ್ಲ. ಆಯಾ ವಿತರಣೆಯವರು ಒಂದು ಕಣಜವನ್ನು ಇಟ್ಟಿರುತ್ತಾರೆ, ಅಲ್ಲಿಂದ ಬರುವ ಪ್ರತಿಯೊಂದು ಗಂಟಿಗೂ ಅವರ ಮುದ್ರೆಯಿರುತ್ತದೆ, ಮುದ್ರೆ ಸರಿಹೊಂದದಿದ್ದರೆ ಯಂತ್ರವೇ ಅದನ್ನು ಒಪ್ಪದು. ಗೋಡೆ, ಕದ, ಅಗುಳಿಗಳು ಹೀಗೆ ನೆಟ್ಟಗಿರುವ ಮನೆಗೆ ಜಗಲಿಯ ಮೇಲೊಬ್ಬ ಕೂಲಿಯ ಕಾವಲುಗಾರನೇಕೆ?

ಮೂರನೆಯದು ಆ ಕಾವಲುಗಾರನನ್ನೇ ಕುರಿತದ್ದು. ಆಂಟಿವೈರಸ್ಸು ಪ್ರತಿಯೊಂದು ಕಡತವನ್ನೂ ತೆರೆದು ನೋಡಬೇಕು. ಹಾಗೆ ನೋಡಬೇಕಾದರೆ ಅದಕ್ಕೆ ಮನೆಯ ಎಲ್ಲ ಬೀಗದಕೈಗಳನ್ನೂ ಕೊಡಬೇಕು, ಎಂದರೆ ರೂಟಿನ ಅಧಿಕಾರವನ್ನೇ ಒಪ್ಪಿಸಬೇಕು. ಇಷ್ಟು ಅಧಿಕಾರವನ್ನು ಪಡೆದವನ ಒಳಗನ್ನು ಮಾತ್ರ ಯಾರೂ ನೋಡುವಂತಿಲ್ಲ. ಅದು ಕಂಪೆನಿಯ ಗುಟ್ಟು. ತೆರೆದ ಮನೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಂದು ಯಜಮಾನನ ಸ್ಥಾನದಲ್ಲಿ ಕುಳಿತಂತಾಯಿತು. ಇದು ಬರಿಯ ಕಲ್ಪನೆಯ ಭಯವಲ್ಲ. ಲಿನಕ್ಸಿಗೆಂದೇ ಮ್ಯಾಕಫೀ ಕಂಪೆನಿಯವರು ದೊಡ್ಡ ಸಂಸ್ಥೆಗಳಿಗೆ ಮಾರುತ್ತಿದ್ದ ಆಂಟಿವೈರಸ್ಸಿನಲ್ಲಿ ಹತ್ತು ದೋಷಗಳಿದ್ದುದು 2016ರ ಡಿಸೆಂಬರಿನಲ್ಲಿ ಬಯಲಾಯಿತು; ಅವುಗಳಲ್ಲಿ ಕೆಲವನ್ನು ಒಂದರೊಡನೊಂದು ಹೊಸೆದರೆ ದೂರದಲ್ಲಿ ಕುಳಿತವನು ಯಂತ್ರದ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. ಅವಾಸ್ಟ್ ಎಂಬ ಇನ್ನೊಂದು ಕಂಪೆನಿ, ತನ್ನ ಆಂಟಿವೈರಸ್ಸನ್ನು ನಂಬಿದವರು ಅಂತರಜಾಲದಲ್ಲಿ ಎಲ್ಲೆಲ್ಲಿ ಓಡಾಡಿದರೆಂಬ ವಿವರಗಳನ್ನು ಅಂಗಸಂಸ್ಥೆಯೊಂದರ ಮೂಲಕ ಮಾರುತ್ತಿದ್ದ ಸಂಗತಿ 2020ರಲ್ಲಿ ಹೊರಬಿದ್ದಿತು. ಅಮೆರಿಕೆಯ ವಾಣಿಜ್ಯ ಆಯೋಗವು 2024ರಲ್ಲಿ ಅದರ ಮೇಲೆ 1 ಕೋಟಿ 65 ಲಕ್ಷ ಡಾಲರುಗಳನ್ನು ಹೊರಿಸಿತು. ಅದೇ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಕ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ನಿಂತವು. ಭಾರತದ ವಿಮಾನನಿಲ್ದಾಣಗಳಲ್ಲಿಯೂ ಆ ದಿನ ಪ್ರಯಾಣಿಕರಿಗೆ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. “ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?” ಎಂದು ಮೇಷ್ಟರು ಕೇಳಿದಾಗ ಒಳಗಿನಿಂದ ಅವರ ಮನೆಯವರೂ, “ನಿಜ, ನಿಜ” ಎಂದರು.

ನಾಲ್ಕನೆಯ ವಾದ ಮೇಷ್ಟರಿಗೆ ಎಲ್ಲಕ್ಕಿಂತ ಪ್ರಿಯವಾದುದು. ಏಕೆಂದರೆ ಅದು ಗಣಿತ. 1984ರಲ್ಲಿ ಫ್ರೆಡ್ ಕೋಹೆನ್ ಎಂಬ ಅಮೆರಿಕೆಯ ವಿದ್ಯಾರ್ಥಿ, ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ತಂತ್ರಾಂಶವು ಇರಲಾರದೆಂದು ತರ್ಕದಿಂದ ತೋರಿಸಿದನು. ಅಂಥ ಒಬ್ಬ ಸರ್ವಜ್ಞ ಪರೀಕ್ಷಕನು ಇದ್ದಾನೆಂದೇ ಇಟ್ಟುಕೊಳ್ಳೋಣ. ಆಗ, ‘ಪರೀಕ್ಷಕನು ನನ್ನನ್ನು ವೈರಸ್ಸೆಂದರೆ ಸುಮ್ಮನಿರುತ್ತೇನೆ, ಅಲ್ಲವೆಂದರೆ ಹರಡುತ್ತೇನೆ’ ಎಂಬ ನಿಯಮದಂತೆ ನಡೆಯುವ ಒಂದು ತಂತ್ರಾಂಶವನ್ನು ಬರೆಯಬಹುದು. ಪರೀಕ್ಷಕನು ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಆದ್ದರಿಂದ ಅಂಥ ಪರೀಕ್ಷಕನೇ ಇಲ್ಲ. ಪೂರ್ಣ ರಕ್ಷಣೆಯ ಭರವಸೆ ಕೊಡುವ ಜಾಹೀರಾತೆಲ್ಲವೂ ಇಲ್ಲದ ಪರೀಕ್ಷಕನನ್ನು ಮಾರುವ ಜಾಹೀರಾತು ಎಂದು ಮೇಷ್ಟರು ಕರಿಹಲಗೆಯ ಮುಂದೆ ನಿಂತವರಂತೆ ಕೈಯೆತ್ತಿ ಮುಗಿಸಿದರು.

ಹುಡುಗನು ಎಲ್ಲವನ್ನೂ ಸಮಾಧಾನದಿಂದ ಕೇಳಿದನು. ಆಮೇಲೆ, “ದೊಡ್ಡಪ್ಪ, ಕೋಹೆನ್ ತನ್ನ ಮೊದಲನೆಯ ವೈರಸ್ಸನ್ನು ಪರೀಕ್ಷಿಸಿದ್ದು ಯಾವ ವ್ಯವಸ್ಥೆಯ ಮೇಲೆ, ಬಲ್ಲಿರಾ?” ಎಂದನು. ಮೇಷ್ಟರಿಗೆ ತಿಳಿದಿರಲಿಲ್ಲ. 1983ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಒಂದು ವ್ಯಾಕ್ಸ್ ಯಂತ್ರದಲ್ಲಿ ಆ ಪ್ರಯೋಗ ನಡೆಯಿತು; ಅದರಲ್ಲಿ ಓಡುತ್ತಿದ್ದುದು ಯುನಿಕ್ಸ್, ಎಂದರೆ ಲಿನಕ್ಸ್ ಯಾವುದರ ಮಾದರಿಯಲ್ಲಿ ಕಟ್ಟಲ್ಪಟ್ಟಿತೋ ಆ ವ್ಯವಸ್ಥೆಯೇ. ಐದು ಸಲ ಪ್ರಯತ್ನಿಸಿದುದರಲ್ಲಿ ಐದು ಸಲವೂ ಒಂದು ಗಂಟೆಯೊಳಗೆ ವೈರಸ್ಸಿಗೆ ಸರ್ವಾಧಿಕಾರ ದೊರೆಯಿತು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳುವು, ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳನ್ನು ಹೊಕ್ಕಿತು, ಅವೂ ಯುನಿಕ್ಸಿನವೇ. ಜನರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡುಗಳ ಪಟ್ಟಿಯೊಂದನ್ನು ಆ ಹುಳುವು ಜೊತೆಯಲ್ಲಿಯೇ ಹೊತ್ತಿದ್ದಿತು. 2002ರ ಸೆಪ್ಟೆಂಬರಿನಲ್ಲಿ ಸ್ಲ್ಯಾಪರ್ ಎಂಬ ಹುಳುವು ಲಿನಕ್ಸ್ ಸರ್ವರುಗಳನ್ನು ಹಿಡಿಯಿತು. ಅದು ನುಗ್ಗಿದ ಬಿರುಕಿಗೆ ತೇಪೆಯು ಜುಲೈ ಕೊನೆಯಲ್ಲಿಯೇ ಸಿದ್ಧವಾಗಿದ್ದಿತು, ಹಾಕಿಕೊಳ್ಳದವರು ಕೆಟ್ಟರು. 2016ರಲ್ಲಿ ಮಿರಾಯ್ ಎಂಬುದು ಮನೆಮನೆಯ ರೂಟರುಗಳನ್ನೂ ಕಾವಲು ಕ್ಯಾಮೆರಾಗಳನ್ನೂ ವಶಪಡಿಸಿಕೊಂಡಿತು. ಅವುಗಳೊಳಗೆ ಇದ್ದುದು ಲಿನಕ್ಸ್. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಅಂಥ ಅರುವತ್ತಕ್ಕೂ ಮಿಕ್ಕ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿದುದೇ ಅದರ ವಿದ್ಯೆಯೆಲ್ಲ. ಆ ಯಂತ್ರಗಳ ಸೈನ್ಯದಿಂದ 2016ರ ಅಕ್ಟೋಬರ್ 21ರಂದು ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಯಾರಿಗೂ ಸಿಗದೆ ಹೋದವು.

“ಎಲ್ಲರೂ ನೋಡಬಹುದು ಎಂದಿರಿ,” ಎಂದನು ಹುಡುಗನು. “ಎಲ್ಲರೂ ನೋಡಬಹುದಾದುದನ್ನು ಯಾರೂ ನೋಡದೆ ಇರುವುದೂ ಉಂಟು.” ಅವನು ಹೇಳಿದ ಕಥೆ 2024ರದು. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜೆಡ್ ಎಂಬ ಸಣ್ಣ ಸಲಕರಣೆಯನ್ನು ಫಿನ್ಲೆಂಡಿನ ಒಬ್ಬ ಮನುಷ್ಯನು ಬಹಳ ವರ್ಷಗಳಿಂದ ತನ್ನ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದನು. ಅವನು ದಣಿದಿದ್ದಾಗ ನೆರವಿಗೆ ಬಂದ ಅಪರಿಚಿತನೊಬ್ಬನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಬೀಗದಕೈ ಪಡೆದು, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲನ್ನು ಇಟ್ಟನು. ಮುದ್ರೆ ಸರಿಯಾಗಿಯೇ ಇದ್ದಿತು. ಅದನ್ನು ಹಿಡಿದುದು ಯಾವ ಮಾರಾಟದ ಆಂಟಿವೈರಸ್ಸೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಬೇರೇನನ್ನೋ ಅಳೆಯುತ್ತಿದ್ದಾಗ, ದೂರದ ಯಂತ್ರಕ್ಕೆ ಪ್ರವೇಶಿಸುವ ಕೆಲಸಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ, ಏಕೆಂದು ಕೇಳುತ್ತ ಹೋದನು. ಮಾರ್ಚ್ 29ರಂದು ಗುಟ್ಟನ್ನು ಬಯಲುಮಾಡಿದನು. ಒಳಗನ್ನು ತೆರೆದು ನೋಡಲು ಅವಕಾಶವಿದ್ದುದರಿಂದ ಅವನಿಗೆ ಅದು ಸಾಧ್ಯವಾಯಿತು. ಹಾಗೆಯೇ, ಅಷ್ಟು ದಿನ ಯಾರೂ ನೋಡದೆ ಇದ್ದುದರಿಂದ ಕಳ್ಳಬಾಗಿಲೂ ಅಲ್ಲಿಯವರೆಗೆ ಬಂದಿತು.

“ನಿಮ್ಮ ನಾಲ್ಕು ವಾದಗಳನ್ನೂ ಒಪ್ಪುತ್ತೇನೆ ದೊಡ್ಡಪ್ಪ. ಈ ಉಡುಗೊರೆ ಬೇಡವೆಂದರೆ ಬೇಡ. ಆದರೆ ಕಾವಲುಗಾರನನ್ನು ಬೇಡವೆಂದವರ ಮನೆಯ ಅಗುಳಿ ಹೇಗಿದೆಯೆಂದು ಒಮ್ಮೆ ನೋಡೋಣವೇ?”

ಇಬ್ಬರೂ ನೋಡಿದರು. ವ್ಯವಸ್ಥೆಯ ಪರಿಷ್ಕರಣೆಯನ್ನು ಮೇಷ್ಟರು ಎಂಟು ತಿಂಗಳಿಂದ ಮಾಡಿರಲಿಲ್ಲ. ತೆರೆಯ ಮೂಲೆಯಲ್ಲಿ ದಿನವೂ ಬರುತ್ತಿದ್ದ ಸೂಚನೆಯನ್ನು ‘ನಾಳೆ’ ಎಂದು ಒತ್ತಿ ಕಳುಹಿಸುತ್ತಿದ್ದರು. ಗೋಡೆಗೆ ನೇತುಹಾಕಿದ ರೂಟರಿನ ಪಾಸ್‌ವರ್ಡು ಕಾರ್ಖಾನೆಯವರು ಇಟ್ಟದ್ದೇ. ಅದು ಅದರ ಬೆನ್ನಿನ ಮೇಲೆ ಅಚ್ಚಾಗಿಯೂ ಇದ್ದಿತು. ನುಡಿಗಳ ಸಂಗ್ರಹಕ್ಕೆ ಎರಡನೆಯ ಪ್ರತಿ ಇದೆಯೇ ಎಂದು ಹುಡುಗನು ಕೇಳಿದನು. ಇದ್ದಿತು, ಅದೇ ಯಂತ್ರದ ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ.

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. ಪರರ ತಾಯಿತವನ್ನು ನಾಲ್ಕು ವಾದಗಳಿಂದ ಕಿತ್ತೆಸೆದ ಅವರಿಗೆ ತಮ್ಮ ತೋಳಿನಲ್ಲಿಯೂ ಒಂದು ಕಟ್ಟಿದೆಯೆಂದು ಆಗ ಹೊಳೆಯಿತು. ‘ಲಿನಕ್ಸಿಗೆ ವೈರಸ್ ಬರುವುದಿಲ್ಲ’ ಎಂಬ ಮಾತೇ ಆ ತಾಯಿತ. ಆ ವ್ಯವಸ್ಥೆಯನ್ನು ಕಟ್ಟಿದವರು ಕದವನ್ನೂ ಅಗುಳಿಯನ್ನೂ ಕೊಟ್ಟಿದ್ದರು. ಪ್ರತಿ ರಾತ್ರಿಯೂ ಅದನ್ನು ಹಾಕುವ ಕೆಲಸ ಮಾತ್ರ ಯಜಮಾನನಿಗೆ ಸೇರಿದುದು. ಹಿಂದೆ ನೂರಾರು ಪುಟಗಳನ್ನು ಕಳೆದುಕೊಂಡಾಗ ಅವರು ದೂರಿದುದು ಹಳೆಯ ವ್ಯವಸ್ಥೆಯನ್ನೂ ಹಣ ತಿಂದ ಆಂಟಿವೈರಸ್ಸನ್ನೂ. ಅಂದೇ ಇನ್ನೊಂದು ಪ್ರತಿ ಬೇರೆ ಕಡೆ ಇದ್ದಿದ್ದರೆ ದೂರುವ ಪ್ರಸಂಗವೇ ಬರುತ್ತಿರಲಿಲ್ಲವೆಂಬುದು ಅವರಿಗೆ ಇಷ್ಟು ವರ್ಷ ತೋರಿರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಗುರಿಯಾಗಬಾರದೆಂದು ಅವರು ಆ ರಾತ್ರಿಯೇ ಕೆಲಸಕ್ಕೆ ಕುಳಿತರು. ಬೀದಿಯಲ್ಲಿ ಮಕ್ಕಳು ಪಟಾಕಿ ಹಚ್ಚುತ್ತಿರಲು ಒಳಗೆ ಎಂಟು ತಿಂಗಳ ಪರಿಷ್ಕರಣೆ ಇಳಿಯಿತು. ರೂಟರಿನ ಪಾಸ್‌ವರ್ಡು ಬದಲಾಯಿತು. ಹೊಸದನ್ನು ಮೇಷ್ಟರು ಲೆಕ್ಕದ ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟರು. ಸಂಗ್ರಹದ ಎರಡು ಪ್ರತಿಗಳು ಎರಡು ಬೇರೆ ಡಿಸ್ಕುಗಳಿಗೆ ಹೋದವು: ಒಂದು ಹುಡುಗನೊಡನೆ ಬೆಂಗಳೂರಿಗೆ, ಇನ್ನೊಂದು ಸಂಘದ ಬೀರುವಿಗೆ.

ಹಣದ ಆಂಟಿವೈರಸ್ಸನ್ನು ಮೇಷ್ಟರು ಕೊನೆಗೂ ಒಪ್ಪಲಿಲ್ಲ. ಹುಡುಗನೂ ಬಲವಂತ ಮಾಡಲಿಲ್ಲ. ನೂರಾರು ಸರ್ವರುಗಳನ್ನು ನೂರಾರು ಜನ ಮುಟ್ಟುವ ದೊಡ್ಡ ಕಛೇರಿಯಲ್ಲಿ ಯಾರು ಏನು ಮಾಡಿದರೆಂದು ಕಣ್ಣಿಡುವ ತಂತ್ರಾಂಶಕ್ಕೆ ಕೆಲಸವಿರಬಹುದು, ಕೆಲವೆಡೆ ನಿಯಮವೂ ಅದನ್ನು ಬೇಡಬಹುದು. ಒಬ್ಬರೇ ಕುಳಿತು ಬರೆಯುವ ನಡುಮನೆಯ ಯಂತ್ರಕ್ಕೆ ಆ ಖರ್ಚು ಬೇಕಿಲ್ಲವೆಂದು ಅವನೂ ಒಪ್ಪಿದನು. ಆದರೆ ಒಂದು ಮಾತನ್ನು ನೆನಪಿಸಿದನು. ಮೇಷ್ಟರು ಪರರಿಂದ ಬಂದ ಕಡತಗಳನ್ನು ಇತರ ಸ್ನೇಹಿತರಿಗೆ ಕಳುಹಿಸುವುದುಂಟು. ಆ ಸ್ನೇಹಿತರಲ್ಲಿ ಬಹುಮಂದಿ ವಿಂಡೋಸಿನವರು. ತನ್ನನ್ನು ಬಾಧಿಸದ ಸೋಂಕನ್ನು ನೆರೆಮನೆಗೆ ಹೊತ್ತು ಕೊಡುವುದು ಧರ್ಮವಲ್ಲ. ಅದಕ್ಕಾಗಿ ಕ್ಲ್ಯಾಮ್‌ಎವಿ ಎಂಬುದೊಂದಿದೆ. ಪೋಲೆಂಡಿನಲ್ಲಿ ಹುಟ್ಟಿ 2002ರಿಂದ ಹಂಚಿಕೆಯಲ್ಲಿರುವ ಅದೂ ಮುಕ್ತ ತಂತ್ರಾಂಶವೇ, ಅಂಚೆಯ ಸರ್ವರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು. ಅದನ್ನು ಕಣಜದಿಂದಲೇ ಇಳಿಸಿಕೊಂಡರು. ಅದು ಸದಾ ಮನೆಯಲ್ಲಿ ಓಡಾಡುವುದಿಲ್ಲ. ಕರೆದಾಗ ಬಂದು, ತೋರಿಸಿದುದನ್ನು ನೋಡಿ ಹೋಗುವುದು. ಅದರ ಒಳಗನ್ನೂ ಬೇಕಾದವರು ನೋಡಬಹುದು. ಈ ಏರ್ಪಾಟು ಮೇಷ್ಟರಿಗೆ ಒಪ್ಪಿಗೆಯಾಯಿತು.

ಮಲಗುವ ಮುನ್ನ ಹುಡುಗನು, “ಪ್ರತಿ ಮಾಡಿದರೆ ಸಾಲದು ದೊಡ್ಡಪ್ಪ, ತೆರೆಯುತ್ತದೆಯೇ ನೋಡಬೇಕು” ಎಂದು ಹೊಸ ಡಿಸ್ಕಿನಿಂದ ಯಾವುದೋ ಒಂದು ಕಡತವನ್ನು ಒತ್ತಿದನು. ತೆರೆಯಿತು. ‘ಅಕ್ಕಡಿ’ ಎಂಬ ಮಾತಿನ ಪುಟ ಅದು: ರಾಗಿಯ ಹೊಲದಲ್ಲಿ ನಡುನಡುವೆ ಬೇರೆ ಕಾಳುಗಳನ್ನು ಬಿತ್ತುವ ಸಾಲು. ಕೆಳಗೆ ಹೇಳಿದವರ ಹೆಸರು, ಊರು, ತಾರೀಖು. ಆ ಅಜ್ಜಿ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಪುಟವನ್ನು ಕೊನೆಯವರೆಗೂ ಓದಿದರು. ಆಮೇಲೆ ದಿನಚರಿಯನ್ನು ತೆಗೆದು, ಮುಂದಿನ ತಿಂಗಳ ಒಂದನೆಯ ತಾರೀಖಿನ ಕೆಳಗೆ ಪರಿಷ್ಕರಣೆ, ಪ್ರತಿ, ತೆರೆದು ನೋಡುವುದು ಎಂದು ಮೂರು ಸಾಲು ಬರೆದು, ಅದರ ಮುಂದಿನ ತಿಂಗಳಿನಲ್ಲಿಯೂ ಅದನ್ನೇ ಬರೆದರು.